ಚಿಮಣಿಯ ಜಮಾಖರ್ಚು

ಇಪ್ಪತ್ತು ವರ್ಷಗಳಿಂದ ಪರರ ಲೆಕ್ಕಪುಸ್ತಕಗಳಲ್ಲಿ ತಪ್ಪು ಹುಡುಕಿಯೇ ಹೊಟ್ಟೆ ಹೊರೆದುಕೊಂಡು ಬಂದಿರುವ ನಾನು, ಹಕ್ಕಿ ಎಣಿಸಲು ಸ್ವಯಂಸೇವಕರು ಬೇಕೆಂದು ಪರಿಚಿತರೊಬ್ಬರು ಕೇಳಿದಾಗ ಹಿಂದುಮುಂದು ನೋಡದೆ ಒಪ್ಪಿಕೊಂಡೆ.

ನಾವಿರುವ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಚಾಪ್‌ಮನ್ ಶಾಲೆಯೆಂಬುದೊಂದಿದೆ. ಮಧ್ಯ ಅಮೆರಿಕದ ಕಡೆಗೆ ವಲಸೆ ಹೊರಟ ವಾಕ್ಸ್ ಸ್ವಿಫ್ಟ್ ಹಕ್ಕಿಗಳು ಸೆಪ್ಟೆಂಬರಿನಲ್ಲಿ ಅದರ ಇಟ್ಟಿಗೆಯ ಚಿಮಣಿಯೊಳಗೆ ಸಾವಿರಗಟ್ಟಲೆ ಸೇರಿ ರಾತ್ರಿ ತಂಗುತ್ತವೆ. 20 ಗ್ರಾಂ ಕೂಡ ತೂಗದ ಇವುಗಳ ಕಾಲು ಕೊಂಬೆಯ ಮೇಲೆ ಕೂರಲು ಬರುವಂಥದ್ದಲ್ಲ. ಒರಟು ಗೋಡೆಗೆ ಉಗುರು ಸಿಕ್ಕಿಸಿಕೊಂಡು ಜೋತಾಡಬೇಕು. ಟೊಳ್ಳಾದ ಮುದಿಮರಗಳನ್ನು ಮನುಷ್ಯರು ಕಡಿದುಹಾಕಿದ ಮೇಲೆ ಚಿಮಣಿಯೇ ಅವುಗಳಿಗೆ ಗತಿಯಾಯಿತು. ಹಿಂದೆಲ್ಲ ಹಕ್ಕಿಗಳು ಹೊರಟುಹೋಗುವವರೆಗೂ ಒಲೆ ಹೊತ್ತಿಸದೆ, ಮಕ್ಕಳೂ ಮೇಷ್ಟರೂ ಸ್ವೆಟರ್ ತೊಟ್ಟು ಪಾಠ ನಡೆಸುತ್ತಿದ್ದರಂತೆ. ಆಮೇಲೆ ಶಾಲೆಗೆ ಬೇರೆ ಶಾಖದ ವ್ಯವಸ್ಥೆ ಮಾಡಿ, ಚಿಮಣಿಯನ್ನು ಹಕ್ಕಿಗಳಿಗೇ ಬಿಟ್ಟರು. ಬಾಡಿಗೆಯಿಲ್ಲದ ಬಿಡಾರದವರಿಗಾಗಿ ತಾವೇ ಚಳಿಯಲ್ಲಿ ಕುಳಿತ ಮಾಲೀಕರನ್ನು ನಾನು ಕಂಡಿರುವುದು ಇದೊಂದೇ ಕಡೆ.

ಸೂರ್ಯ ಮುಳುಗುತ್ತಿದ್ದಂತೆ ಹಕ್ಕಿಗಳು ಚಿಮಣಿಯ ಮೇಲೆ ಸುಳಿಯಂತೆ ತಿರುಗಿ, ಆಲಿಕೆಯಲ್ಲಿ ರಾಗಿ ಸುರಿದ ಹಾಗೆ ಒಳಗೆ ಇಳಿಯತೊಡಗಿದವು. ಹತ್ತು ಹಕ್ಕಿಗೊಂದು ಸಲ ಒತ್ತುವ ಎಣಿಕೆಯಂತ್ರ ನನ್ನ ಬಲಗೈಯಲ್ಲಿತ್ತು. ಅದಕ್ಕೆ ಕೂಡುವುದು ಮಾತ್ರ ಗೊತ್ತು, ಕಳೆಯುವುದು ಗೊತ್ತಿಲ್ಲ. ಆದ್ದರಿಂದ ಗಿಡುಗವೊಂದು ಬಂದೆರಗಿ, ಒಳಹೊಕ್ಕವುಗಳಲ್ಲಿ ಕೆಲವು ಹೊರಗೆ ಚಿಮ್ಮಿದಾಗ ಆ ಖರ್ಚಿನ ಬಾಬನ್ನು ಎಡಗೈ ಬೆರಳು ಮಡಚಿ ಇಟ್ಟುಕೊಂಡೆ. ಗಿಡುಗ ಹೊತ್ತೊಯ್ದ ಒಂದನ್ನು ವಸೂಲಾಗದ ಬಾಕಿಯೆಂದು ಬರೆದುಹಾಕಿದೆ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನಮ್ಮ ಸಂಜೆ ಏಳೂಕಾಲೆಂದರೆ ಅಮ್ಮನಿಗೆ ಮರುದಿನದ ಬೆಳಗಿನ ಕಾಫಿ ಮುಗಿದ ಸಮಯ. ಎತ್ತಿಕೊಳ್ಳಲು ಎಡಗೈಯನ್ನೇ ಬಿಚ್ಚಿದೆ. ಖರ್ಚಿನ ಬಾಬು ಅಲ್ಲಿಗೆ ಗಾಳಿಗೆ ಹೋಯಿತು.

“ಸ್ವಿಫ್ಟ್ ಎಣಿಸುತ್ತಿದ್ದೇನಮ್ಮ.”

“ಅದಕ್ಕೆ ಅಮೆರಿಕಕ್ಕೇ ಹೋಗಬೇಕಿತ್ತೇನೋ? ನಮ್ಮ ಬೀದಿಯಲ್ಲೇ ನಾಲ್ಕು ನಿಂತಿವೆ. ಒಂದಂತೂ ನಮ್ಮ ಗೇಟಿಗೇ ಅಡ್ಡ.”

ಇವು ಕಾರಲ್ಲ, ಹಕ್ಕಿ ಎಂದು ತಿಳಿಸುವಷ್ಟರಲ್ಲಿ ಮಾತು ಕೆಟ್ಟುಹೋದ ಪಂಪಿಗೂ, ಅಲ್ಲಿಂದ ತೆಂಗಿನಕಾಯಿ ಕೀಳುವವನು ಕೈಕೊಟ್ಟದ್ದಕ್ಕೂ, ಅಕ್ಕನ ಮಗನ ಉಪನಯನಕ್ಕೂ ಸಾಗಿತ್ತು. ನಾನು ಚಿಮಣಿಯಿಂದ ಕಣ್ಣು ಕೀಳದೆ ಹೂಂಗುಟ್ಟುತ್ತಲೇ ಇದ್ದೆ.

ಕತ್ತಲಾದ ಮೇಲೆ, ಪಕ್ಕದಲ್ಲಿ ಕುಳಿತು ಎಣಿಸುತ್ತಿದ್ದ ಹಿರಿಯ ಮಹಿಳೆಯ ಲೆಕ್ಕದೊಡನೆ ನನ್ನದನ್ನು ತಾಳೆ ನೋಡಿದರೆ ನನ್ನದು 640 ಹೆಚ್ಚು! ಆಕೆ ಬಹಳ ಸೌಜನ್ಯದಿಂದ, ನಾನು ಫೋನಿನಲ್ಲಿ ಪ್ರತಿ ಸಲ ಹೂಂ ಎನ್ನುವಾಗಲೂ ನನ್ನ ಹೆಬ್ಬೆರಳು ಯಂತ್ರವನ್ನು ಒತ್ತುತ್ತಿತ್ತೆಂದು ತಿಳಿಸಿದರು. ಹಾಗಾದರೆ ಒಂದು ಹೂಂಗೆ ಹತ್ತು ಹಕ್ಕಿ.

ಲೆಕ್ಕ ಸರಿಪಡಿಸದೆ ಬಿಡುವುದು ವೃತ್ತಿಗೆ ಒಗ್ಗದು, ಮರುದಿನ ನಾನೇ ಫೋನು ಮಾಡಿ, “ಅಮ್ಮಾ, ನಿನ್ನೆ ನಾನು ಎಷ್ಟು ಸಲ ಹೂಂ ಎಂದಿರಬಹುದು?” ಎಂದು ಕೇಳಿದೆ.

“ನಿನ್ನ ಹೂಂ ಲೆಕ್ಕಕ್ಕೆ ಹಿಡಿಯೋದನ್ನ ನಾನು ಬಿಟ್ಟು ಎಷ್ಟೋ ವರ್ಷ ಆಯ್ತು ಕಣೋ” ಎಂದರು ಅಮ್ಮ.