‘ಯಾದೃಚ್ಛಿಕ’ ಎಂದರೆ ಏನು, ಮೇಷ್ಟ್ರೇ?

ಕನ್ನಡ ಅಧ್ಯಾಪಕನಾಗಿ ನಿವೃತ್ತನಾದ ಮೇಲೆ ಮೈಸೂರಿನ ಒಂದು ವೈದ್ಯಕೀಯ ಕಾಲೇಜಿನ ಎಥಿಕ್ಸ್ ಕಮಿಟಿಯಲ್ಲಿ ಕೂರುವ ಅವಕಾಶ ನನಗೆ ಒದಗಿ ಬಂತು. ರೋಗಿಗಳ ಮೇಲೆ ಹೊಸ ಔಷಧವನ್ನು ಪರೀಕ್ಷಿಸುವ ಮೊದಲು ಇಂಥ ಸಮಿತಿ ಒಪ್ಪಬೇಕು. 2019ರ ನಿಯಮಗಳ ಪ್ರಕಾರ ಅದರಲ್ಲಿ ಕನಿಷ್ಠ 7 ಜನರಿರಬೇಕು, ಅವರಲ್ಲಿ ಅರ್ಧದಷ್ಟು ಮಂದಿ ಸಂಸ್ಥೆಯ ಹೊರಗಿನವರಾಗಿರಬೇಕು, ಕಾನೂನು ಬಲ್ಲವರೊಬ್ಬರ ಜೊತೆಗೆ ಒಬ್ಬ ಜನಸಾಮಾನ್ಯನೂ ಇರಲೇಬೇಕು. ಆ ಜನಸಾಮಾನ್ಯ ನಾನು. ಮಾತ್ರೆಯ ಪ್ರಮಾಣ ಸರಿಯೇ ಎಂದು ಹೇಳುವ ಯೋಗ್ಯತೆ ನನಗಿಲ್ಲ. ರೋಗಿಯ ಕೈಗೆ ಕೊಡುವ ಒಪ್ಪಿಗೆ ಪತ್ರದ ಕನ್ನಡ ಸರಿಯೇ ಎಂದು ಮಾತ್ರ ಹೇಳಬಲ್ಲೆ, ಮತ್ತು ಅದು ಬಹುಮಟ್ಟಿಗೆ ಸರಿಯಿರುವುದಿಲ್ಲ.

‘ತಮ್ಮನ್ನು ಯಾದೃಚ್ಛಿಕವಾಗಿ ನಿಯಂತ್ರಿತ ಸಮೂಹಕ್ಕೆ ನಿಯೋಜಿಸಬಹುದಾಗಿದೆ’ ಎಂಬ ವಾಕ್ಯವನ್ನು, ಮೂವತ್ತು ವರ್ಷ ಹಳಗನ್ನಡ ಪಾಠ ಮಾಡಿದ ನಾನೇ ಎರಡು ಸಲ ಓದಬೇಕಾಯಿತು. ಚೀಟಿ ಎತ್ತಿದ ಹಾಗೆ, ಹೋಲಿಕೆಗಾಗಿ ಹೊಸ ಔಷಧ ಕೊಡದ ಗುಂಪಿಗೆ ನಿಮ್ಮನ್ನು ಸೇರಿಸಬಹುದು ಎಂಬುದಷ್ಟೇ ಅದರ ಅರ್ಥ. ಮಳವಳ್ಳಿಯಿಂದಲೋ ಕೆ.ಆರ್. ಪೇಟೆಯಿಂದಲೋ ಬೆಳಗಿನ ಮೊದಲ ಬಸ್ಸು ಹಿಡಿದು ಬಂದು, ಓಪಿಡಿ ಸಾಲಿನಲ್ಲಿ ನಿಂತು ದಣಿದ ಹೆಂಗಸು ಇದನ್ನು ಓದಿ, ಯೋಚಿಸಿ, ರುಜು ಹಾಕಿದಳೆಂದು ನಾವು ದಾಖಲೆಯಲ್ಲಿ ಬರೆದುಕೊಳ್ಳುತ್ತೇವೆ. ಓದಲು ಬಾರದವರಾದರೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕೆಂಬ ನಿಯಮವಿದೆ. ಆದರೆ ಓದಿ ಹೇಳುವುದು ಇದೇ ಪತ್ರವನ್ನಲ್ಲವೇ?

ಹಾಗೆಂದು ನಾನು ಸಂಶೋಧನೆಯ ವಿರೋಧಿಯಲ್ಲ. ಇಂದು ಕ್ಷಯಕ್ಕೆ ಮನೆಯಲ್ಲೇ ಮಾತ್ರೆ ನುಂಗಿ ಗುಣವಾಗುತ್ತಾರೆ ಎಂದರೆ ಅದರ ಹಿಂದೆ 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಒಂದು ಪರೀಕ್ಷೆಯಿದೆ. ಕೆಲವರನ್ನು ಸ್ಯಾನಟೋರಿಯಂನಲ್ಲಿ, ಅಂದರೆ ಕ್ಷಯರೋಗಿಗಳ ಆಸ್ಪತ್ರೆಯಲ್ಲಿಟ್ಟು, ಕೆಲವರಿಗೆ ಇಕ್ಕಟ್ಟಿನ ಮನೆಗಳಲ್ಲೇ ಅದೇ ಔಷಧ ಕೊಟ್ಟು ನೋಡಿದಾಗ, ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಗುಣವಾದರೆಂದು 1959ರಲ್ಲಿ ಪ್ರಕಟವಾಯಿತು. ಊರಾಚೆ ಸ್ಯಾನಟೋರಿಯಂ ಕಟ್ಟಿಸಿಕೊಂಡ ನಮ್ಮ ಮೈಸೂರಿಗೆ ಇದು ಸಣ್ಣ ಸುದ್ದಿಯಲ್ಲ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ಆರಿಸದೆ ಚೀಟಿಗೆ ಬಿಡುವುದರಿಂದಲೇ ಇಂಥ ತೀರ್ಮಾನಕ್ಕೆ ಬೆಲೆ. ಆರಿಸಲು ಬಿಟ್ಟರೆ ಗಟ್ಟಿಮುಟ್ಟಾದವರೆಲ್ಲ ಹೊಸ ಔಷಧದ ಕಡೆ ಸೇರಿಬಿಡಬಹುದು.

ಆದರೆ ಚೀಟಿಯ ವಿಷಯವನ್ನು ಯಾರಿಗೆ ಹೇಳಬೇಕು? 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಎಂಬ ಕ್ಷಯದ ಔಷಧದ ಪರೀಕ್ಷೆಯಲ್ಲಿ ಗುಂಪನ್ನು ಮುಚ್ಚಿದ ಲಕೋಟೆಗಳು ನಿರ್ಧರಿಸಿದ್ದವು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಜನ, ಪಡೆಯದ 52 ಮಂದಿಯಲ್ಲಿ 14 ಜನ ತೀರಿಕೊಂಡರು. ಆ 52 ಮಂದಿಗೆ ತಾವು ಒಂದು ಪರೀಕ್ಷೆಯೊಳಗಿದ್ದೇವೆ ಎಂಬುದನ್ನೇ ತಿಳಿಸಿರಲಿಲ್ಲ. ನಾವು ಈಗ ಪತ್ರ ಕೊಡುತ್ತೇವೆ, ರುಜು ಪಡೆಯುತ್ತೇವೆ. ಪತ್ರ ಅರ್ಥವಾಗದಿದ್ದರೆ ಆ 52 ಮಂದಿಗೂ ನಮ್ಮವರಿಗೂ ಇರುವ ವ್ಯತ್ಯಾಸ ಒಂದು ಹಾಳೆಯದು ಮಾತ್ರ.

ಕಳೆದ ವರ್ಷ ಮಂಡ್ಯ ಕಡೆಯ ಪರಿಚಯದ ರೈತರೊಬ್ಬರು ಇಂಥದೇ ಪತ್ರ ಹಿಡಿದು ಮನೆಗೆ ಬಂದಿದ್ದರು. ಅವರ ಪ್ರಶ್ನೆಯೇ ಈ ಬರಹದ ತಲೆಬರಹ. ಚೀಟಿ ಎತ್ತಿದ ಹಾಗೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ವಿ.ಸಿ. ಫಾರ್ಮ್‌ನೋರು ಮಾಡ್ತಾರಲ್ಲ, ಒಂದು ತಾಕ್ಗೆ ಹೊಸ ತಳಿ, ಪಕ್ಕದ ತಾಕ್ಗೆ ಹಳೇದು, ಅಂಗಾ?” ಎಂದರು. ವಿ.ಸಿ. ಫಾರ್ಮ್ ಎಂದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ. ನನಗೆ ನಾಚಿಕೆಯಾಯಿತು. ಚೀಟಿಗೆ ಬಿಡುವ ಈ ಲೆಕ್ಕಾಚಾರವನ್ನು ಫಿಷರ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ರೂಪಿಸಿದ್ದೇ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ. ಹೊಲದಿಂದ ಆಸ್ಪತ್ರೆಗೆ ಹೋದ ವಿದ್ಯೆಯನ್ನು ರೈತನಿಗೆ ಅರ್ಥವಾಗದ ಹಾಗೆ ಬರೆದವರು ನಾವು.

ಏಳುವಾಗ ಅವರು ಇನ್ನೊಂದು ಮಾತು ಕೇಳಿದರು: “ಸರಿ, ಕುಯ್ಲಾದ್ಮೇಲೆ ಯಾವ ತಾಕು ಚೆನ್ನಾಗಿ ಬಂತು ಅಂತ ನಮ್ಗೂ ಹೇಳ್ತಾರಾ ಮೇಷ್ಟ್ರೇ?”

ಪತ್ರವನ್ನು ತಿರುಗಿಸಿ ನೋಡಿದೆ. ಯಾವಾಗ ಬೇಕಾದರೂ ಹೊರಬರಬಹುದು, ತೊಂದರೆಯಾದರೆ ಚಿಕಿತ್ಸೆ ಉಚಿತ ಎಂದೆಲ್ಲ ಇತ್ತು; ಫಲಿತಾಂಶದ ಮಾತಿರಲಿಲ್ಲ. 2009ರಿಂದ ಔಷಧ ಪರೀಕ್ಷೆಗಳನ್ನು ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯವೇನೋ ಹೌದು, ಆದರೆ ಅದು ಇಂಗ್ಲಿಷಿನಲ್ಲಿ ಓದುವವರಿಗೆ. ಫಲಿತಾಂಶವನ್ನು ತಿಳಿಗನ್ನಡದಲ್ಲಿ ಹೇಳುವುದು ಕಷ್ಟವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ನಮ್ಮೂರಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಹಳೆಯ ಹೆರಿಗೆ ದಾಖಲೆಗಳ ನೆರವಿನಿಂದ ಹುಡುಕಿ ನಡೆಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಅದರ ತಿರುಳು ಒಂದೇ ಸಾಲು: ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಮುಂದೆ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಇಷ್ಟು ಬರೆದು ಒಂದು ಅಂಚೆ ಕಾರ್ಡಿನಲ್ಲಿ ಕಳಿಸಬಹುದು.

‘ಪರೀಕ್ಷೆ ಮುಗಿದ ಮೇಲೆ ಅದರಲ್ಲಿ ಏನು ಗೊತ್ತಾಯಿತು ಎಂಬುದನ್ನು ನಿಮಗೆ ಕನ್ನಡದಲ್ಲಿ ತಿಳಿಸುತ್ತೇವೆ’ ಎಂಬ ಒಂದು ವಾಕ್ಯವನ್ನು ಎಲ್ಲ ಪತ್ರಗಳಿಗೂ ಸೇರಿಸಬೇಕೆಂದು ನಾನು ಸಮಿತಿಯ ಮುಂದಿಟ್ಟಿದ್ದೇನೆ. ಎರಡು ಸಭೆಗಳಾದವು, ನಡಾವಳಿಯಲ್ಲಿ ‘ಪರಿಶೀಲಿಸಲಾಗುವುದು’ ಎಂದಿದೆ. ಮೂರನೆಯ ಸಭೆ ಮುಂದಿನ ತಿಂಗಳು.