‘ಬೇಕಿತ್ತು’ ಎನ್ನುವವರಿಗೆ ‘ವುಡ್ ಲೈಕ್’ ಹೊಸದಲ್ಲ

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಊರಿನಿಂದ ಬರುವ ಅಪ್ಪ ಅಮ್ಮಂದಿರು ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳವರೆಗೆ ಇರಬಹುದು. ಅಷ್ಟು ದಿನದಲ್ಲಿ ಅವರು ಬಾಯಿಬಿಟ್ಟು ಇಂಗ್ಲಿಷ್ ಆಡಬೇಕಾಗುವ ಸಂದರ್ಭಗಳಲ್ಲಿ ಬಹಳಷ್ಟು ತಿನ್ನುವ, ಕುಡಿಯುವ ವಿಷಯದವೇ. ಕೆಫೆಯ ಕೌಂಟರ್, ಪಕ್ಕದ ಮನೆಯವರು ಕರೆದ ಟೀ, ಮೊಮ್ಮಗಳ ಗೆಳತಿಯ ಹುಟ್ಟುಹಬ್ಬ. ಇದಕ್ಕೆ ಬೇಕಾದ ವ್ಯಾಕರಣ ತುಂಬಾ ಇಲ್ಲ. ಅದನ್ನು ನಾವು ಕಲಿಸುವ ಕ್ರಮ ಮಾತ್ರ ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊದಲು ‘ಐ ಲೈಕ್’, ‘ಐ ಡೋಂಟ್ ಲೈಕ್’ ಬಾಯಿಪಾಠ. ‘ವುಡ್’ ಅನ್ನುವುದು ಕಷ್ಟ, ಆಮೇಲೆ ನೋಡೋಣ ಅಂತ ಮುಂದಕ್ಕೆ ಹಾಕುತ್ತೇವೆ. ಹಾಗೆ ಕಲಿತವರು ಕೌಂಟರಿನಲ್ಲಿ ‘ಐ ಲೈಕ್ ಕಾಫಿ’ ಅನ್ನುತ್ತಾರೆ. ತನಗೆ ಕಾಫಿ ಇಷ್ಟ ಅಂತ ಇವರು ಒಂದು ಸಂಗತಿ ತಿಳಿಸಿದಂತಾಯಿತೇ ಹೊರತು ಕಾಫಿ ಕೇಳಿದಂತಾಗಲಿಲ್ಲ. ಕೌಂಟರಿನವರು ಮುಂದಿನ ಮಾತಿಗೆ ಕಾಯುತ್ತಾ ನಿಲ್ಲುತ್ತಾರೆ. ಇನ್ನು ಕೆಲವರು ‘ಬೇಕು’ ಅಂದರೆ ‘ವಾಂಟ್’ ಅಂತ ನೇರವಾಗಿ ಹಾಕಿ ‘ಐ ವಾಂಟ್ ಕಾಫಿ’ ಅನ್ನುತ್ತಾರೆ. ವ್ಯಾಕರಣ ತಪ್ಪಿಲ್ಲ, ಆದರೆ ಇಲ್ಲಿನ ಕಿವಿಗೆ ಅದು ಮಕ್ಕಳ ಹಟದ ಹಾಗೆ ಕೇಳಿಸುತ್ತದೆ. ಇಲ್ಲಿನ ತಾಯಂದಿರು ಚಿಕ್ಕ ಮಕ್ಕಳಿಗೆ ಮೊದಲು ತಿದ್ದುವುದೇ ಈ ‘ಐ ವಾಂಟ್’ ಅನ್ನು.

ಇಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. ಪರಿಚಯವಿಲ್ಲದ ಅಂಗಡಿಗೆ ಹೋದಾಗ ನಾವು ‘ಸಕ್ಕರೆ ಬೇಕು’ ಅನ್ನುವುದಕ್ಕಿಂತ ‘ಅರ್ಧ ಕೆಜಿ ಸಕ್ಕರೆ ಬೇಕಿತ್ತು’ ಅನ್ನುವುದೇ ಹೆಚ್ಚು. ಬೇಕಾಗಿರುವುದು ಈಗಲೇ, ಆದರೂ ಕ್ರಿಯೆ ಭೂತಕಾಲದಲ್ಲಿದೆ. ಮಾತು ಮೆತ್ತಗಾಗಲಿ ಅಂತ ಕಾಲವನ್ನು ಹಿಂದಕ್ಕೆ ಸರಿಸುತ್ತೇವೆ. ಇಂಗ್ಲಿಷಿನ ‘ವುಡ್’ ಕೂಡ ಮೂಲದಲ್ಲಿ ‘ವಿಲ್’ನ ಭೂತಕಾಲದ ರೂಪ; ‘ಐ ವುಡ್ ಲೈಕ್ ಅ ಕಾಫಿ, ಪ್ಲೀಸ್’ ಅನ್ನುವಾಗ ಮಾಡುವ ಕೆಲಸವೂ ಇದೇ. ಹಾಗಾಗಿ ‘ಇಷ್ಟ’ಕ್ಕೆ ‘ಲೈಕ್’, ‘ಬೇಕಿತ್ತು’ಗೆ ‘ವುಡ್ ಲೈಕ್’ ಅಂತ ಮೊದಲ ದಿನವೇ ಜೋಡಿಸಿಕೊಟ್ಟರೆ ಸಾಕು. ಕಂಡಿಷನಲ್ ಅನ್ನುವ ಪಾಠಕ್ಕೆ ಕಾಯಬೇಕಾಗಿಲ್ಲ. ಕನ್ನಡವನ್ನು ಹತ್ತಿರ ಸೇರಿಸದೆ ಚಿತ್ರ ತೋರಿಸಿ ಕಲಿಸುವ ಪದ್ಧತಿಗಿಂತ ಇದು ಬೇಗ ತಲೆಗೆ ಹೋಗುತ್ತದೆ, ಯಾಕೆಂದರೆ ‘ಇಷ್ಟ’ ಮತ್ತು ‘ಬೇಕು’ ಬೇರೆ ಬೇರೆ ಅನ್ನುವುದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಒಂದು ತೊಡಕಿದೆ. ಆಡುಮಾತಿನಲ್ಲಿ ‘ಐ ವುಡ್ ಲೈಕ್’ ಕುಗ್ಗಿ ‘ಐಡ್ ಲೈಕ್’ ಆಗುತ್ತದೆ. ಆ ‘ಡ್’ ಸದ್ದು ಮುಂದಿನ ‘ಲ’ಕಾರದಲ್ಲಿ ಮುಳುಗಿಹೋಗುತ್ತದೆ. ಕೇಳಿ ಕಲಿಯುವವರಿಗೆ ಅದು ‘ಐ ಲೈಕ್’ ಅಂತಲೇ ಕೇಳಿಸುತ್ತದೆ, ಹಾಗೆಯೇ ಹೇಳುತ್ತಾರೆ. ಆದ್ದರಿಂದ ಹೊಸಬರು ‘ವುಡ್’ ಅನ್ನು ಪೂರ್ತಿಯಾಗಿಯೇ ಉಚ್ಚರಿಸಲಿ. ಅದೂ ಬಾಯಿಗೆ ಬರದಿದ್ದರೆ ‘ಕ್ಯಾನ್ ಐ ಹ್ಯಾವ್ ಅ ಕಾಫಿ, ಪ್ಲೀಸ್?’ ಧಾರಾಳವಾಗಿ ನಡೆಯುತ್ತದೆ. ‘ಪ್ಲೀಸ್’ ಮಾತ್ರ ಬಿಡಬಾರದು. ಕನ್ನಡದಲ್ಲಿ ಮರ್ಯಾದೆ ‘ಕೊಡಿ’ಯ ‘ಇ’ಕಾರದಲ್ಲಿ, ‘ರೀ’ಯಲ್ಲಿ, ‘ಸ್ವಲ್ಪ’ದಲ್ಲಿ ಸೇರಿಕೊಂಡಿರುತ್ತದೆ, ಬೇರೆ ಪದ ಬೇಕಾಗುವುದಿಲ್ಲ. ಇಂಗ್ಲಿಷಿನ ಕ್ರಿಯಾಪದದಲ್ಲಿ ಬಹುವಚನದ ಗೌರವ ಇಲ್ಲವಾದ್ದರಿಂದ ಆ ಹೊರೆಯ ದೊಡ್ಡ ಪಾಲನ್ನು ಈ ಒಂದು ಪದ ಹೊರುತ್ತದೆ.

ಇಷ್ಟಾನಿಷ್ಟದ ವಾಕ್ಯದಲ್ಲಿ ತಪ್ಪು ಎಲ್ಲಿ ಹುಟ್ಟುತ್ತದೆ ಅನ್ನುವುದನ್ನೂ ಕನ್ನಡದ ಕಡೆಯಿಂದಲೇ ನೋಡಬೇಕು. ನನಗೆ ಇಷ್ಟ, ನಿನಗೆ ಇಷ್ಟ, ಅಮ್ಮನಿಗೆ ಇಷ್ಟ: ನಮ್ಮಲ್ಲಿ ‘ಇಷ್ಟ’ ಅಲುಗಾಡುವುದಿಲ್ಲ, ಬದಲಾಗುವುದು ಆಳಿನ ಹೆಸರಿಗೆ ಹತ್ತುವ ‘ಗೆ’, ‘ಇಗೆ’ ಪ್ರತ್ಯಯ. ಇಂಗ್ಲಿಷಿನಲ್ಲಿ ‘ಮದರ್’ ಹಾಗೆಯೇ ಉಳಿದು ಬದಲಾವಣೆ ಕ್ರಿಯೆಗೆ ಹೋಗುತ್ತದೆ: ‘ಐ ಲೈಕ್’, ಆದರೆ ‘ಮೈ ಮದರ್ ಲೈಕ್ಸ್’. ಇಲ್ಲ ಅನ್ನುವಾಗ ಆ ‘ಸ್’ ‘ಡಸ್’ಗೆ ಜಿಗಿಯುತ್ತದೆ, ‘ಲೈಕ್’ ಬೋಳಾಗುತ್ತದೆ: ‘ಮೈ ಮದರ್ ಡಸಂಟ್ ಲೈಕ್ ಚೀಸ್’. ‘ಡಸಂಟ್ ಲೈಕ್ಸ್’ ಅಂದರೆ ಒಂದೇ ಗುರುತನ್ನು ಎರಡು ಸಲ ಹಾಕಿದಂತೆ. ಮಕ್ಕಳು ಹೆತ್ತವರ ಪರವಾಗಿ ಮಾತಾಡುವುದು, ಹೆತ್ತವರು ಮೊಮ್ಮಕ್ಕಳ ಪರವಾಗಿ ಮಾತಾಡುವುದು ಇಲ್ಲಿ ದಿನನಿತ್ಯದ ಕೆಲಸ. ಹಾಗಾಗಿ ‘ಡಸಂಟ್’ ಅನ್ನು ‘ಡೋಂಟ್’ ಜೊತೆಗೇ ಕಲಿಸಬೇಕು. ‘ಐ ಆಮ್ ಲೈಕಿಂಗ್’ ಅಂತೂ ಬೇಡವೇ ಬೇಡ. ರುಚಿ ಮೆಚ್ಚಿದ್ದನ್ನು ಹೇಳಲು ‘ಐ ಲೈಕ್ ದಿಸ್’ ಸಾಕು.

ನಮ್ಮಲ್ಲಿ ‘ಕಾಫಿ ಇಷ್ಟನಾ?’ ಅಂದರೆ ‘ಹೂಂ, ಇಷ್ಟ’ ಅಂದರಾಯಿತು. ಅದನ್ನೇ ‘ಯೆಸ್, ಐ ಲೈಕ್’ ಅಂದರೆ ಇಂಗ್ಲಿಷಿನಲ್ಲಿ ವಾಕ್ಯ ಅರ್ಧಕ್ಕೆ ನಿಂತ ಹಾಗೆ. ‘ಯೆಸ್, ಐ ಲೈಕ್ ಇಟ್’ ಅನ್ನಬೇಕು, ಅಥವಾ ‘ಯೆಸ್, ಐ ಡೂ’. ಇದಕ್ಕಿಂತ ಮುಖ್ಯವಾದದ್ದು, ಪ್ರಶ್ನೆ ‘ಡು’ವಿನಿಂದ ಶುರುವಾಯಿತೋ ‘ವುಡ್’ನಿಂದಲೋ ಅಂತ ಮೊದಲ ಪದದಲ್ಲೇ ಹಿಡಿಯುವುದು. ‘ಡು ಯು ಲೈಕ್ ಟೀ?’ ಕೇವಲ ವಿಚಾರಣೆ, ಉತ್ತರ ‘ಯೆಸ್, ಐ ಡೂ’ ಅಥವಾ ‘ನಾಟ್ ರಿಯಲಿ’. ‘ವುಡ್ ಯು ಲೈಕ್ ಸಮ್ ಟೀ?’ ಅಂದರೆ ಕೆಟಲ್ ಇಡಲು ಎದ್ದಿದ್ದಾರೆ ಅಂತ ಅರ್ಥ. ಅದಕ್ಕೆ ಉತ್ತರ ‘ಯೆಸ್, ಪ್ಲೀಸ್’ ಅಥವಾ ‘ನೋ, ಥ್ಯಾಂಕ್ ಯೂ’. ‘ಟೀ ಆರ್ ಕಾಫಿ?’ ಅಂದಾಗ ಯಾವುದಾದರೂ ಸರಿ ಅನ್ನಲು ‘ಐ ಡೋಂಟ್ ಮೈಂಡ್’ ಅನ್ನಬಹುದು. ‘ಐ ಡೋಂಟ್ ಕೇರ್’ ಅಂದರೆ ಒರಟು.

ಏಕವಚನ ಬಹುವಚನದ ವಿಷಯ. ‘ಮಾವಿನಹಣ್ಣು ಇಷ್ಟ’ ಅಂದರೆ ನಮಗೆ ಎಲ್ಲ ಮಾವೂ ಬಂತು. ಅವರಲ್ಲಿ ಎಣಿಸುವ ವಸ್ತುವಾದರೆ ‘ಐ ಲೈಕ್ ಮ್ಯಾಂಗೋಸ್’, ಎಣಿಸಲಾಗದ್ದಾದರೆ ‘ಐ ಲೈಕ್ ರೈಸ್’. ಕಾಫಿ ಮತ್ತು ಟೀ ಎರಡೂ ಕಡೆ ಸಲ್ಲುತ್ತವೆ: ಪಾನೀಯವಾಗಿ ‘ಕಾಫಿ’, ಕೌಂಟರಿನಲ್ಲಿ ಒಂದು ಕಪ್ ಅಂತಾದಾಗ ‘ಅ ಕಾಫಿ’, ‘ಟೂ ಟೀಸ್’. ಅನ್ನಕ್ಕೆ ಈ ಸವಲತ್ತಿಲ್ಲ, ಅಲ್ಲಿ ‘ಸಮ್ ರೈಸ್’ ಅನ್ನಬೇಕು.

ನಾನು ಹೆಚ್ಚು ಒತ್ತು ಕೊಟ್ಟು ಹೇಳಬೇಕಾದದ್ದು ಬೇಡದ್ದನ್ನು ಹೇಳುವ ಮೂರು ಹಂತಗಳ ಬಗ್ಗೆ. ‘ಐ ಡೋಂಟ್ ಲೈಕ್ ಎಗ್ಸ್’ ಅಂದರೆ ನಾಲಿಗೆಗೆ ಹಿಡಿಸುವುದಿಲ್ಲ ಅಂತ ಮಾತ್ರ. ಕೇಳಿದವರು ಆಮ್ಲೆಟ್ ಕೊಡಲಿಕ್ಕಿಲ್ಲ, ಆದರೆ ಮೊಟ್ಟೆ ಹಾಕಿದ ಕೇಕ್ ಕೊಟ್ಟರೆ ಅದು ಅವರ ತಪ್ಪಲ್ಲ. ‘ಐ ಡೋಂಟ್ ಈಟ್ ಎಗ್ಸ್’ ಅಂದರೆ ನಮ್ಮ ‘ಮೊಟ್ಟೆ ತಿನ್ನಲ್ಲ’. ಇದು ಪದ್ಧತಿ, ನೇಮ. ‘ಐ ಕಾಂಟ್ ಈಟ್ ಎಗ್ಸ್’ ಅಂದರೆ ಮೈಗೆ ಆಗುವುದಿಲ್ಲ ಅಂತ ಕೇಳಿಸಿ, ಅಲರ್ಜಿಯಾ ಅಂತ ಮರುಪ್ರಶ್ನೆ ಬರುತ್ತದೆ. ಸಂಕೋಚಕ್ಕೆ ಮೊದಲನೆಯದನ್ನು ಹೇಳಿ ಆಮೇಲೆ ಪೇಚಾಡುವುದಕ್ಕಿಂತ ಎರಡನೆಯದನ್ನೇ ನೇರವಾಗಿ ಹೇಳುವುದು ಮೇಲು. ಅದರ ಹಿಂದೆಯೇ ‘ಈಸ್ ದೇರ್ ಎಗ್ ಇನ್ ಇಟ್?’ ಅನ್ನುವ ಪ್ರಶ್ನೆಯೂ ಸಿದ್ಧವಿರಲಿ. ‘ವೆಜಿಟೇರಿಯನ್’ ಅಂದುಬಿಟ್ಟರೆ ಸಾಲದು. ಭಾರತದಲ್ಲಿ ಮೊಟ್ಟೆ ಇರುವ ಪೊಟ್ಟಣಕ್ಕೆ ಹಸಿರು ಚುಕ್ಕೆ ಸಿಗುವುದಿಲ್ಲ, ಇಲ್ಲಿ ಮೊಟ್ಟೆ ಹಾಕಿದ್ದೂ ವೆಜಿಟೇರಿಯನ್ ಅನ್ನಿಸಿಕೊಳ್ಳುತ್ತದೆ. ‘ವೀಗನ್’ ಅಂದರೆ ಮೊಟ್ಟೆಯೇನೋ ಹೋಗುತ್ತದೆ, ಜೊತೆಗೆ ಹಾಲು ಮೊಸರೂ ಹೋಗುತ್ತವೆ.

ಬ್ರಿಟನ್ನಿನ ಕಾನೂನಿನ ಪ್ರಕಾರ 14 ಬಗೆಯ ಅಲರ್ಜಿಕಾರಕಗಳ ವಿವರವನ್ನು ಹೋಟೆಲಿನವರು ಕೊಡಲೇಬೇಕು. ಮೊಟ್ಟೆ, ಹಾಲು, ಕಡಲೆಕಾಯಿ, ಎಳ್ಳು, ಸಾಸಿವೆ ಎಲ್ಲ ಆ ಪಟ್ಟಿಯಲ್ಲಿವೆ. ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಅವು ಎದ್ದು ಕಾಣುವಂತಿರಬೇಕು, ಸಾಮಾನ್ಯವಾಗಿ ದಪ್ಪಕ್ಷರದಲ್ಲಿರುತ್ತವೆ. ಅಂಗಡಿಯಲ್ಲೇ ಮಾಡಿ ಮೊದಲೇ ಪ್ಯಾಕ್ ಮಾಡಿಟ್ಟ ಸ್ಯಾಂಡ್‌ವಿಚ್‌ನಂಥವುಗಳಿಗೂ 2021ರ ಅಕ್ಟೋಬರ್‌ನಿಂದ ಪೂರ್ತಿ ಪಟ್ಟಿ ಕಡ್ಡಾಯ. ಆದರೆ ಈರುಳ್ಳಿ, ಬೆಳ್ಳುಳ್ಳಿ ಆ 14ರಲ್ಲಿ ಇಲ್ಲ. ಅವನ್ನು ಬಿಟ್ಟಿರುವ ಹಿರಿಯರಿಗೆ ದಪ್ಪಕ್ಷರ ನೆರವಾಗುವುದಿಲ್ಲ. ‘ಐ ಡೋಂಟ್ ಈಟ್ ಆನಿಯನ್ ಆರ್ ಗಾರ್ಲಿಕ್’ ಅಂತ ಬಾಯಲ್ಲೇ ಹೇಳಬೇಕು. ಇಲ್ಲಿ ‘ಆಂಡ್’ ಅಲ್ಲ, ‘ಆರ್’. ‘ಆಂಡ್’ ಅಂದರೆ ಎರಡೂ ಕೂಡಿದ್ದರೆ ಮಾತ್ರ ಬೇಡ ಅನ್ನುವ ಅರ್ಥಕ್ಕೂ ಎಡೆಯಾಗುತ್ತದೆ.

ಹೋಲಿಸಿ ಹೇಳುವಾಗ ‘ಕಾಫಿಗಿಂತ ಟೀ ಇಷ್ಟ’ದ ‘ಗಿಂತ’ವನ್ನು ‘ದ್ಯಾನ್’ ಅಂತ ಮಾಡಿ ‘ಐ ಪ್ರಿಫರ್ ಟೀ ದ್ಯಾನ್ ಕಾಫಿ’ ಅನ್ನುವವರು ಬಹಳ. ‘ಪ್ರಿಫರ್’ ಜೊತೆ ‘ಟು’ ಬರಬೇಕು: ‘ಐ ಪ್ರಿಫರ್ ಟೀ ಟು ಕಾಫಿ’. ನೆನಪಿರದಿದ್ದರೆ ‘ಐ ಲೈಕ್ ಟೀ ಬೆಟರ್ ದ್ಯಾನ್ ಕಾಫಿ’ ಅಂದರೂ ಆಗುತ್ತದೆ. ‘ತುಂಬಾ ಖಾರ’ಕ್ಕೂ ಅವರಲ್ಲಿ ಎರಡು ದಾರಿ. ‘ವೆರಿ ಸ್ಪೈಸಿ’ ಅಂದರೆ ಖಾರ ಜಾಸ್ತಿ ಇದೆ ಅಂತಷ್ಟೇ, ಅದು ಮೆಚ್ಚುಗೆಯೂ ಇರಬಹುದು. ‘ಟೂ ಸ್ಪೈಸಿ’ ಅಂದರೆ ತಿನ್ನಲಾಗುತ್ತಿಲ್ಲ ಅಂತ. ಊಟಕ್ಕೆ ಕರೆದವರ ಎದುರು ‘ಟೂ’ ಬಳಸುವಾಗ ಎಚ್ಚರ ಬೇಕು. ‘ಹಾಟ್’ ಅಂದರೆ ಬಿಸಿಯೂ ಹೌದು, ಖಾರವೂ ಹೌದು. ಖಾರಕ್ಕೆ ‘ಸ್ಪೈಸಿ’ ಅನ್ನುವುದೇ ಕ್ಷೇಮ.

ದರ್ಶಿನಿಯ ಅಭ್ಯಾಸಗಳಲ್ಲಿ ಕೆಲವು ಇಲ್ಲಿ ನಡೆಯುವುದಿಲ್ಲ. ‘ಬೈ ಟು’ ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಕ್ಯಾನ್ ವಿ ಹ್ಯಾವ್ ಅ ಟೀ ಆಂಡ್ ಆನ್ ಎಕ್ಸ್‌ಟ್ರಾ ಕಪ್, ಪ್ಲೀಸ್?’ ಅನ್ನಬೇಕು. ಕೆಫೆಯಲ್ಲಿ ಸಕ್ಕರೆ ಬೆರೆಸಿ ಕೊಡುವ ರೂಢಿ ಇಲ್ಲ, ಪಕ್ಕದಲ್ಲಿಟ್ಟದ್ದನ್ನು ನಾವೇ ಹಾಕಿಕೊಳ್ಳುವುದು. ಮನೆಗಳಲ್ಲಾದರೆ ‘ಹೌ ಡು ಯು ಟೇಕ್ ಇಟ್?’ ಅಂತ ಕೇಳುತ್ತಾರೆ. ‘ಲೆಸ್ ಶುಗರ್’ ಅಂದರೆ ಯಾವುದಕ್ಕಿಂತ ಕಡಿಮೆ ಅಂತ ಅವರಿಗೆ ತಿಳಿಯದು. ‘ಮಿಲ್ಕ್, ಒನ್ ಶುಗರ್, ಪ್ಲೀಸ್’ ಅಂತ ಚಮಚದ ಲೆಕ್ಕದಲ್ಲಿ ಹೇಳಿ. ಹಾಲು ಹೆಚ್ಚು ಬೇಕಿದ್ದರೆ ‘ಮಿಲ್ಕಿ’ ಅಂತ ಸೇರಿಸಿ, ಇಲ್ಲದಿದ್ದರೆ ಒಂದೆರಡು ಚಮಚ ಹಾಲು ಸೋಕಿಸಿ ಕೊಟ್ಟುಬಿಡುತ್ತಾರೆ.

ಉಪಚಾರದಲ್ಲಿ ಎರಡು ಕಡೆಯ ರೀತಿ ಪೂರಾ ಬೇರೆ. ನಮ್ಮಲ್ಲಿ ಮೊದಲ ‘ಬೇಡ’ ಸಂಕೋಚದ್ದು, ಎರಡನೆಯದು ಮರ್ಯಾದೆಯದ್ದು, ಮೂರನೆಯ ಸಲ ಒತ್ತಾಯಿಸಿದಾಗ ಲೋಟ ಕೈಗೆ ಬರುತ್ತದೆ. ಇಲ್ಲಿ ‘ನೋ, ಥ್ಯಾಂಕ್ ಯೂ’ ಒಂದೇ ಸಲ. ಅದನ್ನು ನಂಬುವುದೇ ಇಲ್ಲಿನ ಮರ್ಯಾದೆ. ‘ಐ ಆಮ್ ಫೈನ್, ಥ್ಯಾಂಕ್ಸ್’ ಅಂದರೂ ಬೇಡ ಅಂತಲೇ. ಬರೀ ‘ಪ್ಲೀಸ್’ ಅಂದರೆ ಬೇಕು ಅಂತ. ಇಲ್ಲಿನವರು ನಮ್ಮ ಮನೆಗೆ ಊಟಕ್ಕೆ ಬಂದು ‘ಐ ಆಮ್ ಫೈನ್’ ಅಂದಮೇಲೆ ಸೌಟು ಎತ್ತಬಾರದು. ಹಾಗೆಯೇ ನಮ್ಮ ಹಿರಿಯರು ಅಭ್ಯಾಸಬಲದಿಂದ ‘ನೋ’ ಅಂದು ಟೀ ತಪ್ಪಿಸಿಕೊಂಡರೆ ಎರಡನೆಯ ಸಲ ಕೇಳುತ್ತಾರೆ ಅಂತ ಕಾಯುತ್ತಾ ಕೂರಬೇಕಾಗಿಲ್ಲ. ‘ಆಕ್ಚುಲಿ, ಐ ವಿಲ್ ಹ್ಯಾವ್ ಒನ್, ಪ್ಲೀಸ್’ ಅಂದರೆ ಸಾಕು. ಯಾರೂ ತಪ್ಪು ತಿಳಿಯುವುದಿಲ್ಲ, ಕೆಟಲ್ ಇನ್ನೂ ಬಿಸಿಯಾಗಿಯೇ ಇರುತ್ತದೆ.