ಗಂಡು ಟೊಂಗೆಗಳ ಮರ

ಬೆಳಗಾವಿ ಸೀಮೆಯ ದೊಡ್ಡ ಮನೆತನಗಳಲ್ಲಿ ಈಗ ವಂಶವೃಕ್ಷವನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ, ಗಾಜಿನ ಕಟ್ಟು ಕೂಡಿಸಿ ಪಡಸಾಲೆಯಲ್ಲಿ ತೂಗುಹಾಕುವ ಪದ್ಧತಿ ಬಂದಿದೆ. ಬೈಲಹೊಂಗಲದ ಕಡೆಯ ಒಂದು ವಾಡೆಯಲ್ಲಿ ನಾನು ನೋಡಿದ ಮರದಲ್ಲಿ ಮೂಲಪುರುಷನಿಗೆ ನಾಲ್ವರು ಗಂಡುಮಕ್ಕಳು, ಆ ನಾಲ್ವರಿಗೂ ಗಂಡುಮಕ್ಕಳು, ಹೀಗೆ ಏಳು ತಲೆಮಾರು ಒಬ್ಬ ಹೆಂಗಸಿನ ನೆರವೂ ಇಲ್ಲದೆ ವಂಶ ಬೆಳೆದುಬಂದಿತ್ತು. ವೈದ್ಯಶಾಸ್ತ್ರಕ್ಕೆ ಇನ್ನೂ ಎಟುಕದ ಈ ಸಾಧನೆಯ ಮಗ್ಗುಲಲ್ಲೇ ಕತ್ತಿ ಹಿರಿದ ಕಿತ್ತೂರು ಚೆನ್ನಮ್ಮನ ಪಟವೂ ಇತ್ತು.

ಮೂರನೆಯ ತಲೆಮಾರಿನ ಯಜಮಾನನ ಹೆಂಡತಿ ಯಾರೆಂದು ವಿಚಾರಿಸಿದಾಗ ಮನೆಯ ಹಿರಿಯರು ಬಹಳ ಹೊತ್ತು ಯೋಚಿಸಿ, "ಆಕಿ ಗೋಕಾಕದಾಕಿ" ಎಂದರು. ಹೆಸರು? "ಗೋಕಾಕದಾಕಿ ಅಂತನ ಕರೀತಿದ್ರಂತ." ಆಕೆಯ ಗಂಡ ಜಾತ್ರೆಯಿಂದ ಹಿಡಿದುಕೊಂಡು ಬಂದ ಎತ್ತುಗಳ ಹೆಸರು ಮಾತ್ರ ಅವರಿಗೆ ಬಾಯಿಪಾಠವಿತ್ತು. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು ಮನೆತನಗಳ ವಂಶಾವಳಿ ಹೇಳುವ ಹೆಳವರೂ ಆ ಮನೆಯ ಅಂಗಳದಲ್ಲಿ ನಿಂತು, ದತ್ತಕ ಬಂದವನು ಯಾರು, ಅಣ್ಣತಮ್ಮಂದಿರು ಬೇರೆಯಾದದ್ದು ಯಾವ ಜಗಳಕ್ಕೆ ಎಂಬುದನ್ನೆಲ್ಲ ತಡವರಿಸದೆ ಹೇಳಿ ಕಾಳು ಪಡೆದು ಹೋಗುತ್ತಾರಂತೆ. ಗೋಕಾಕದಾಕೆಯ ಸರದಿ ಬಂದಾಗ ಅವರಿಗೂ ಕೆಮ್ಮು ಬರುತ್ತದೆ. ಇನ್ನು ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸುವುದರಿಂದ, ತವರಿನ ಕಾಗದದಲ್ಲಿ ಒಬ್ಬಳು, ಅತ್ತೆಮನೆಯ ಕಾಗದದಲ್ಲಿ ಒಬ್ಬಳು ಸಿಕ್ಕರೂ ಇಬ್ಬರೂ ಒಬ್ಬಳೇ ಎಂದು ಸಾಧಿಸಲು ಸಾಕ್ಷಿಯಾಗಬೇಕಾದ ಅಕ್ಕಿ ಅಂದೇ ಅನ್ನವಾಗಿರುತ್ತದೆ.

ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿಯ ಹೆಸರು 8ನೇ ಶತಮಾನದಿಂದ ಕಲ್ಲಿನಲ್ಲಿ ಉಳಿದಿದೆ. ಗಂಡ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ಆಕೆ ದೇವಾಲಯ ಕಟ್ಟಿಸಿದಳು. ಗೋಕಾಕದಾಕೆಗೆ ಮನೆಮಂದಿಗೆಲ್ಲ ರೊಟ್ಟಿ ಬಡಿಯುವುದರಲ್ಲಿ ದೇವಾಲಯ ಕಟ್ಟಿಸಲು ಪುರುಸೊತ್ತಾಗಲಿಲ್ಲವಾದ್ದರಿಂದ ತಪ್ಪು ಆಕೆಯದೇ ಎನ್ನಬೇಕು.

ಆದರೆ ಕಳೆದುಹೋದ ಹೆಂಗಸರನ್ನು ಹುಡುಕುವ ಶಕ್ತಿ ನಮ್ಮ ಮನೆತನಗಳಿಗೆ ಇಲ್ಲವೆಂದರೆ ಅನ್ಯಾಯವಾದೀತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ಹೆಣ್ಣುಮಕ್ಕಳನ್ನೂ ವಾರಸುದಾರರೆಂದಿತು. 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹಕ್ಕು ಕೊಟ್ಟವು. ಅಂದಿನಿಂದ ಹೊಲ ಮಾರುವ ಮಾತು ಬಂದ ಕೂಡಲೇ, ಪಂಚಮಿಗೆ ಕರೆಯಲು ಮರೆತಿದ್ದ ಅಕ್ಕ ಜಮಖಂಡಿಯಲ್ಲಿರಲಿ, ಇಚಲಕರಂಜಿಯಲ್ಲಿರಲಿ, ತಮ್ಮಂದಿರು ಕಾರು ಮಾಡಿಕೊಂಡು, ಇಳಕಲ್ಲ ಸೀರೆ ಮತ್ತು ಗುಳೇದಗುಡ್ಡದ ಖಣ ಹಿಡಿದು ಒಂದೇ ದಿನದಲ್ಲಿ ಆಕೆಯ ಬಾಗಿಲು ಮುಟ್ಟುತ್ತಾರೆ. "ಅಕ್ಕಾ, ತವರು ನಿನಗ ಏನ ಕಡಿಮಿ ಮಾಡೇತಿ? ಇಲ್ಲೊಂದು ಸಹಿ ಹಾಕು."

ಗೋಕಾಕದಾಕೆಯ ಕಾಲದಲ್ಲಿ ಆಕೆಯಿಂದ ಬಿಡಿಸಿಕೊಳ್ಳಬೇಕಾದ ಪಾಲೇ ಇರಲಿಲ್ಲವಾದ್ದರಿಂದ ಆಕೆಯ ಹೆಸರನ್ನು ಯಾರೂ ಕೇಳಲಿಲ್ಲ. ಆಕೆಯ ಮೊಮ್ಮಕ್ಕಳ ಕಾಲದ ಹೆಂಗಸರನ್ನು ಹುಡುಕುವವರು ಪಡಸಾಲೆಯ ಮರದ ಕೆಳಗೆ ನಿಂತು ಕೊರಳು ನೋಯಿಸಿಕೊಳ್ಳದೆ ಉಪನೋಂದಣಿ ಕಚೇರಿಗೆ ಹೋಗಿ ಆಸ್ತಿಯ ಪಾಲು ಬಿಟ್ಟುಕೊಟ್ಟೆನೆಂದು ಬರೆದುಕೊಡುವ ಹಕ್ಕು ಸೋಡಪತ್ರದ ನಕಲು ಕೇಳುವುದು ಲೇಸು. ತಂದೆಯ ಹೆಸರು, ಗಂಡನ ಹೆಸರು, ವಯಸ್ಸು, ಊರು, ಹೆಬ್ಬೆಟ್ಟು, ಹೊಲದ ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ ಸಮೇತ ಆಕೆ ಅಲ್ಲಿ ಪೂರ್ತಿಯಾಗಿ ದೊರೆಯುತ್ತಾಳೆ; ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಪಾಲು ಬಿಟ್ಟಿರುವುದಾಗಿ ಸಾಕ್ಷಿಗಳ ಸಮಕ್ಷಮ ಒಪ್ಪಿಯೂ ಇರುತ್ತಾಳೆ. ಸಾಕ್ಷಿಗಳು ಗಂಡಸರೆಂದು ಬೇರೆ ಹೇಳಬೇಕಿಲ್ಲ.